ಹಸಿರುಮನೆಯ ಗಾಳಿಯೂ ತರಕಾರಿ ಬೆಳೆಗಳ ದ್ಯುತಿಸಂಶ್ಲೇಷಣೆಯೂ: ಮೂರು ಪ್ರಬಂಧಗಳ ವಿಮರ್ಶೆ

೧

ಗಾಜಿನ ಮನೆಯೆಂದೊಡನೆ ಕನ್ನಡಿಗರ ಕಣ್ಣಮುಂದೆ ನಿಲ್ಲುವುದು ಬೆಂಗಳೂರಿನ ಲಾಲ್‌ಬಾಗಿನಲ್ಲಿ ೧೮೮೯ರಲ್ಲಿ ಅಸ್ತಿಭಾರ ಕಂಡ ಆ ಚೆಲುವಾದ ಕಟ್ಟಡ. ಅದು ಫಲಪುಷ್ಪಗಳ ಪ್ರದರ್ಶನಕ್ಕೆಂದು ಎದ್ದ ಮಂಟಪ. ಬೆಳೆ ತೆಗೆಯುವುದಕ್ಕೆಂದು ಕಟ್ಟಿದುದಲ್ಲ. ಪ್ರಕೃತ ಲೇಖನದಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವ ಹಸಿರುಮನೆ ಬೇರೆಯ ಬಗೆಯದು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಜಿಲ್ಲೆಗಳಲ್ಲಿ ಈಗ ದಾರಿಯ ಎರಡು ಕಡೆಗಳಲ್ಲಿಯೂ ಕಾಣಬರುವ, ಕಬ್ಬಿಣದ ಕೊಳವೆಗಳ ಮೇಲೆ ಪಾಲಿಥೀನ್ ಹಾಳೆ ಹೊದಿಸಿದ, ರೈತರು ಪಾಲಿಹೌಸೆಂದು ಕರೆಯುವ ಮನೆಗಳು ಅವು. ೨೦೦೫-೦೬ರಲ್ಲಿ ರಾಷ್ಟ್ರೀಯ ತೋಟಗಾರಿಕಾ ಮಿಷನ್ ಪ್ರಾರಂಭವಾಗಿ, ಸರ್ಕಾರದ ಸಹಾಯಧನ ದೊರೆಯತೊಡಗಿದ ಮೇಲೆ ಇವುಗಳ ಸಂಖ್ಯೆ ಬೆಳೆಯಿತು. ದಪ್ಪ ಮೆಣಸಿನಕಾಯಿ, ಸೌತೆ, ಟೊಮೆಟೊ ಇವುಗಳಲ್ಲಿ ಬೆಳೆಯುವ ಮುಖ್ಯ ತರಕಾರಿಗಳು. ಸಹಾಯಧನ ಕಳೆದು ಉಳಿದ ವೆಚ್ಚವನ್ನು ರೈತನು ಬಹುಮಟ್ಟಿಗೆ ಸಾಲದಿಂದಲೇ ಭರಿಸುತ್ತಾನೆಂಬುದನ್ನು ಮೊದಲೇ ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು; ಏಕೆಂದರೆ ಇಲ್ಲಿ ವಿಮರ್ಶೆಗೊಳಗಾಗುವ ಸಿದ್ಧಾಂತಗಳು ಅಂತಿಮವಾಗಿ ಆ ಸಾಲದ ಲೆಕ್ಕಕ್ಕೇ ಬಂದು ಮುಟ್ಟುತ್ತವೆ.

ಇಂಥ ಮನೆಯ ಒಳಗಣ ಗಾಳಿಗೆ ಇಂಗಾಲಾಮ್ಲವಾಯುವನ್ನು, ಎಂದರೆ ಇಂಗಾಲದ ಡೈಆಕ್ಸೈಡನ್ನು, ಕೂಡಿಸಿ ದಶಲಕ್ಷದಲ್ಲಿ ೧೦೦೦ ಭಾಗಗಳಿಗೆ ಏರಿಸಿದರೆ ಇಳುವರಿ ನೂರಕ್ಕೆ ಮೂವತ್ತರಷ್ಟು ಹೆಚ್ಚುತ್ತದೆ ಎಂಬ ಮಾತು ಕೈಪಿಡಿಗಳಲ್ಲಿಯೂ ಮಾರಾಟದ ಹಸ್ತಪತ್ರಿಕೆಗಳಲ್ಲಿಯೂ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಈ ಮಾತು ಸುಳ್ಳೆನ್ನಲಾಗದು. ಆದರೆ ಅದು ಎಲ್ಲಿ ಹುಟ್ಟಿತು, ಯಾವ ಹವೆಯಲ್ಲಿ ನಿಜ, ಯಾವ ಷರತ್ತಿಗೆ ಒಳಪಟ್ಟದ್ದು ಎಂಬುದನ್ನು ಕೇಳದೆ ಅದನ್ನು ಒಂದು ದೇಶದಿಂದ ಮತ್ತೊಂದು ದೇಶಕ್ಕೆ ಸಾಗಿಸುವುದು ಶಾಸ್ತ್ರಕ್ಕೆ ಒಪ್ಪುವ ಕೆಲಸವಲ್ಲ. ಆದುದರಿಂದ ಈ ಮಾತಿನ ಹಿಂದೆ ನಿಂತಿರುವ ಮೂರು ಪ್ರಬಂಧಗಳನ್ನು ತೆಗೆದುಕೊಂಡು, ಪ್ರತಿಯೊಂದೂ ಸ್ಥಾಪಿಸಿದುದೇನು, ಸ್ಥಾಪಿಸದೆ ಉಳಿದುದೇನು ಎಂಬುದನ್ನು ಪರಿಶೀಲಿಸುವುದೇ ನಮ್ಮ ಉದ್ದೇಶ. ಅವು ಯಾವುವೆಂದರೆ, ಹಾಲೆಂಡಿನ ವಾಗೆನಿಂಗನ್ನಿನಿಂದ ೧೯೫೯ರಲ್ಲಿ ಹೊರಬಂದ ಗಾಸ್ಟ್ರಾ ಅವರ ಪ್ರಬಂಧ. ೧೯೮೩ರಲ್ಲಿ ಅಮೆರಿಕದ ಕಿಂಬಾಲ್ ಅವರು ಪ್ರಕಟಿಸಿದ ಸಮೀಕ್ಷೆ. ೧೯೯೪ರಲ್ಲಿ ವಾಗೆನಿಂಗನ್ ವಿಶ್ವವಿದ್ಯಾನಿಲಯಕ್ಕೆ ನೇಡರ್‌ಹೋಫ್ ಅವರು ಸಲ್ಲಿಸಿದ ಮಹಾಪ್ರಬಂಧ.

೨

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬಹುದು. ಬೆಳಕಿದ್ದಾಗ ಮಾತ್ರ ಎಲೆಯ ಹಸಿರು ಭಾಗ ಗಾಳಿಯನ್ನು ಶುದ್ಧಿಗೊಳಿಸುತ್ತದೆಂದು ಇಂಗೆನ್‌ಹೌಸ್ ೧೭೭೯ರಲ್ಲಿ ತೋರಿಸಿದನು. ಸಸ್ಯದ ಒಡಲಿನ ಇಂಗಾಲವೆಲ್ಲ ಗಾಳಿಯಿಂದ ಬಂದುದೆಂಬುದಕ್ಕೆ ಸೊಸ್ಯೂರನ ೧೮೦೪ರ ಗ್ರಂಥ ತೂಕದ ಆಧಾರವನ್ನು ಒದಗಿಸಿತು. ಹಾಗಾದರೆ ಗಾಳಿಗೆ ಇಂಗಾಲಾಮ್ಲವನ್ನು ಹೆಚ್ಚಾಗಿ ಸೇರಿಸಿದರೆ ಗಿಡ ಹೆಚ್ಚು ಬೆಳೆಯಬೇಕಲ್ಲವೆ? ೧೯೦೨ರಲ್ಲಿ ಬ್ರೌನ್ ಮತ್ತು ಎಸ್ಕೊಂಬ್ ಎಂಬ ಇಂಗ್ಲಿಷ್ ವಿಜ್ಞಾನಿಗಳು ಹಾಗೆ ಮಾಡಿ ನೋಡಿದಾಗ ಗಿಡಗಳಿಗೆ ಹಾನಿಯೇ ಕಂಡುಬಂದಿತು. ಅವರ ಅನಿಲದಲ್ಲಿದ್ದ ಅಶುದ್ಧಿಯೇ ಇದಕ್ಕೆ ಕಾರಣವಿರಬೇಕೆಂದು ಮುಂದಿನವರು ಬಗೆದರು. ಈ ಸಣ್ಣ ಪ್ರಸಂಗವನ್ನು ಮರೆಯಬಾರದು. ಗಾಳಿಯೊಂದಿಗೆ ನಾವು ನಡೆಸುವ ಪ್ರಯೋಗದಲ್ಲಿ ನಾವು ಸೇರಿಸಿದೆವೆಂದು ತಿಳಿದದ್ದು ಮಾತ್ರವೇ ಸೇರಿರುತ್ತದೆಂಬ ಭರವಸೆಯಿಲ್ಲ. ಇಂದಿಗೂ ಸೀಮೆಎಣ್ಣೆಯನ್ನೋ ಅನಿಲವನ್ನೋ ಸರಿಯಾಗಿ ಉರಿಸದಿದ್ದರೆ ಇಂಗಾಲಾಮ್ಲದೊಡನೆ ಎಥಿಲೀನ್ ಹುಟ್ಟುತ್ತದೆ; ಅದು ದಶಲಕ್ಷದಲ್ಲಿ ಒಂದು ಭಾಗಕ್ಕಿಂತ ಕಡಮೆಯಿದ್ದರೂ ಟೊಮೆಟೊ ಹೂವನ್ನು ಉದುರಿಸಲು ಸಾಕು.

೧೯೦೫ರಲ್ಲಿ ಬ್ಲ್ಯಾಕ್‌ಮನ್ ‘ಮಿತಿಕಾರಕಗಳ ನಿಯಮ’ವನ್ನು ಮಂಡಿಸಿದನು. ಬೆಳಕು, ಉಷ್ಣತೆ, ಇಂಗಾಲಾಮ್ಲ ಇವುಗಳಲ್ಲಿ ಯಾವುದು ಅತ್ಯಂತ ಕೊರತೆಯಲ್ಲಿರುವುದೋ ಅದೊಂದೇ ಕ್ರಿಯೆಯ ವೇಗವನ್ನು ನಿರ್ಣಯಿಸುತ್ತದೆ, ಉಳಿದುವನ್ನು ಎಷ್ಟು ಹೆಚ್ಚಿಸಿದರೂ ಫಲವಿಲ್ಲ ಎಂಬುದು ಅದರ ತಿರುಳು. ನೊಗದ ಒಂದು ಕಡೆಯ ಎತ್ತು ಮಲಗಿದರೆ ಇನ್ನೊಂದನ್ನು ಹೊಡೆದು ಪ್ರಯೋಜನವಿಲ್ಲವೆಂಬುದನ್ನು ಬಲ್ಲ ನಮ್ಮ ರೈತನಿಗೆ ಈ ನಿಯಮ ಹೊಸದೆನಿಸದು. ಮುಂದೆ ಬರುವ ಮೂವರೂ ಈ ನಿಯಮದ ನೆರಳಿನಲ್ಲಿಯೇ ನಡೆದವರು.

೩

ಗಾಸ್ಟ್ರಾ ಅವರ ಪ್ರಬಂಧವನ್ನು ಈ ಕ್ಷೇತ್ರದ ಆಧಾರಸ್ತಂಭವೆಂದರೆ ಅತಿಶಯೋಕ್ತಿಯಲ್ಲ. ಸೌತೆ, ಟೊಮೆಟೊ, ಟರ್ನಿಪ್ ಮೊದಲಾದ ಬೆಳೆಗಳ ಎಲೆಗಳನ್ನು ತೆಗೆದುಕೊಂಡು, ಬೆಳಕು, ಇಂಗಾಲಾಮ್ಲ, ಉಷ್ಣತೆಗಳನ್ನು ಒಂದೊಂದಾಗಿ ಬದಲಿಸುತ್ತ ಅವರು ದ್ಯುತಿಸಂಶ್ಲೇಷಣೆಯ ವೇಗವನ್ನು ಅಳೆದರು. ಅವರ ಅತ್ಯಂತ ಪ್ರಸಿದ್ಧವಾದ ಫಲಿತಾಂಶ ಸೌತೆಯ ಎಲೆಯದು. ಗಾಳಿಯಲ್ಲಿ ಇಂಗಾಲಾಮ್ಲ ನೂರಕ್ಕೆ ೦.೦೩ರಷ್ಟಿದ್ದಾಗ ಉಷ್ಣತೆಯನ್ನು ೨೦ ಡಿಗ್ರಿಯಿಂದ ೩೦ಕ್ಕೆ ಏರಿಸಿದರೂ ವೇಗ ಹೆಚ್ಚಲಿಲ್ಲ. ಅದೇ ಇಂಗಾಲಾಮ್ಲವನ್ನು ೦.೧೩ಕ್ಕೆ ಏರಿಸಿ ಬೆಳಕನ್ನು ಧಾರಾಳವಾಗಿ ಕೊಟ್ಟಾಗ ಉಷ್ಣತೆಗೆ ವೇಗ ಎದ್ದುಕಾಣುವಂತೆ ಸ್ಪಂದಿಸಿತು. ಹಸಿರುಮನೆಗೆ ಇಂಗಾಲಾಮ್ಲವನ್ನು ಕೊಡುವಾಗ ಒಳಗಣ ಉಷ್ಣತೆಯನ್ನೂ ಸ್ವಲ್ಪ ಏರಗೊಡಬಹುದೆಂಬ ಇಂದಿನ ಸಲಹೆಗೆ ಮೂಲ ಇಲ್ಲಿಯೇ ಇದೆ.

ಅವರ ಎರಡನೆಯ ಕೊಡುಗೆ ಇದಕ್ಕಿಂತ ಹಿರಿದು. ಗಾಳಿಯಿಂದ ಹರಿತ್ಕಣದವರೆಗೆ ಇಂಗಾಲಾಮ್ಲ ಸಾಗುವ ದಾರಿಯನ್ನು ವಿದ್ಯುತ್ತಿನ ಮಂಡಲದಂತೆ ಕಲ್ಪಿಸಿಕೊಂಡು, ಆ ದಾರಿಯಲ್ಲಿ ಮೂರು ಪ್ರತಿರೋಧಗಳಿವೆಯೆಂದು ಅವರು ಲೆಕ್ಕ ಹಾಕಿದರು. ಎಲೆಗೆ ಅಂಟಿಕೊಂಡಿರುವ ನಿಶ್ಚಲವಾದ ಗಾಳಿಯ ತೆಳುಪದರ ಮೊದಲನೆಯದು, ಪತ್ರರಂಧ್ರ ಎರಡನೆಯದು, ಎಲೆಯ ಒಳಗಣ ಊತಕ ಮೂರನೆಯದು. ಹಸಿರುಮನೆಯ ‘ಗಾಳಿ’ ಎಂಬುದು ಒಂದು ಪದಾರ್ಥವಲ್ಲ, ಅದರ ಸಂಯೋಜನೆ, ಚಲನೆ, ತೇವ, ಬಿಸಿ ಎಲ್ಲವೂ ಬೇರೆ ಬೇರೆ ಬಾಗಿಲುಗಳಲ್ಲಿ ನಿಂತು ಎಲೆಯನ್ನು ಆಳುತ್ತವೆ ಎಂಬ ಸ್ಪಷ್ಟವಾದ ನೋಟ ಈ ವಿಂಗಡಣೆಯಿಂದ ದೊರೆಯಿತು.

ಆದರೆ ಇಲ್ಲಿ ಒಂದು ಆಕ್ಷೇಪಣೆಗೆ ಅವಕಾಶವಿದೆ. ಇಂಗಾಲಾಮ್ಲ ಕಡಮೆಯಿದ್ದಾಗ ಉಷ್ಣತೆಗೆ ಎಲೆ ಸ್ಪಂದಿಸದಿರುವುದಕ್ಕೆ ಗಾಸ್ಟ್ರಾ ಕೊಟ್ಟ ಕಾರಣ ಇದು: ಆಗ ಇಡೀ ಕ್ರಿಯೆಯ ವೇಗವನ್ನು ಅನಿಲದ ವ್ಯಾಪನೆಯೇ ನಿರ್ಣಯಿಸುತ್ತದೆ, ವ್ಯಾಪನೆ ಭೌತಿಕ ಕ್ರಿಯೆಯಾದ್ದರಿಂದ ಉಷ್ಣತೆಗೆ ಅಷ್ಟಾಗಿ ಬಗ್ಗುವುದಿಲ್ಲ. ಈ ಲೆಕ್ಕಕ್ಕಾಗಿ ಹರಿತ್ಕಣದ ಬಳಿ ಇಂಗಾಲಾಮ್ಲದ ಪ್ರಮಾಣ ಸೊನ್ನೆಯೆಂದು ಅವರು ಇಟ್ಟುಕೊಂಡರು. ಮುಂದಿನ ಎರಡು ದಶಕಗಳ ಸಂಶೋಧನೆ ಈ ಊಹೆಯನ್ನು ಉಳಿಸಲಿಲ್ಲ. ಇಂಗಾಲಾಮ್ಲವನ್ನು ಹಿಡಿಯುವ ರುಬಿಸ್ಕೊ ಎಂಬ ಕಿಣ್ವ ಆಮ್ಲಜನಕವನ್ನೂ ಹಿಡಿಯುತ್ತದೆಂದೂ, ಹಾಗೆ ಹಿಡಿದಾಗ ಗಳಿಸಿದ ಇಂಗಾಲದ ಒಂದು ಪಾಲು ಮತ್ತೆ ಗಾಳಿಗೆ ನಷ್ಟವಾಗುತ್ತದೆಂದೂ ತಿಳಿದುಬಂದಿತು. ಇದೇ ದ್ಯುತಿಶ್ವಸನ. ಉಷ್ಣತೆ ಏರಿದಂತೆ ಕಿಣ್ವದ ವೇಗ ಹೆಚ್ಚುವುದೇನೋ ನಿಜ. ಆದರೆ ಅದರೊಡನೆ ಈ ನಷ್ಟವೂ ಹೆಚ್ಚುತ್ತದೆ. ಇಂಗಾಲಾಮ್ಲ ಕಡಮೆಯಿದ್ದಾಗ ಲಾಭವೂ ನಷ್ಟವೂ ಬಹುಮಟ್ಟಿಗೆ ಸರಿದೂಗುವುದರಿಂದ ಉಷ್ಣತೆಯ ಪರಿಣಾಮ ಇಲ್ಲವೆಂಬಂತೆ ಕಾಣುತ್ತದೆ. ೧೯೮೦ರಲ್ಲಿ ಫಾರ್ಕರ್, ಫಾನ್ ಕೆಮರರ್, ಬೆರಿ ಈ ಮೂವರು ರೂಪಿಸಿದ ಗಣಿತಾತ್ಮಕ ಪ್ರತಿರೂಪ ಈ ವಿಚಾರಕ್ಕೆ ಖಚಿತವಾದ ಆಕಾರವನ್ನು ಕೊಟ್ಟಿತು.

ಅಳತೆ ಸರಿಯಾಗಿತ್ತು, ವಿವರಣೆ ಬದಲಾಯಿತು; ಅಷ್ಟಕ್ಕೆ ಏನಾಯಿತು ಎಂದು ಯಾರಾದರೂ ಕೇಳಬಹುದು. ನಮ್ಮ ನಾಡಿಗೆ ಸಂಬಂಧಿಸಿದಂತೆ ಆಗುವುದು ಬಹಳ. ವ್ಯಾಪನೆಯ ವಿವರಣೆಯನ್ನು ನಂಬಿದರೆ, ಹೊರಗಣ ಗಾಳಿಯಷ್ಟೇ ಇಂಗಾಲಾಮ್ಲವುಳ್ಳ ಮನೆಯಲ್ಲಿ ಉಷ್ಣತೆ ಏರಿದರೂ ಎಲೆಗೆ ಕೇಡಿಲ್ಲವೆಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ದ್ಯುತಿಶ್ವಸನದ ವಿವರಣೆಯಂತೆ, ೨೦ರಿಂದ ೩೦ ಡಿಗ್ರಿಯವರೆಗೆ ಕಂಡ ಸಮತೋಲನ ೩೫, ೩೮ ಡಿಗ್ರಿಗಳಲ್ಲಿ ಉಳಿಯುವುದಿಲ್ಲ. ಅಲ್ಲಿ ನಷ್ಟದ ತಟ್ಟೆಯೇ ತೂಗುತ್ತದೆ. ಗಾಸ್ಟ್ರಾ ಅವರ ರೇಖೆಗಳು ನಿಲ್ಲುವ ಕಡೆಯಲ್ಲಿಯೇ ನಮ್ಮ ಚೈತ್ರ ವೈಶಾಖಗಳ ಮಧ್ಯಾಹ್ನ ಪ್ರಾರಂಭವಾಗುತ್ತದೆ. ಅವರ ರೇಖೆಯನ್ನು ಮುಂದಕ್ಕೆ ಎಳೆದುಕೊಂಡು ಹೋಗುವ ಅಧಿಕಾರ ಯಾರಿಗೂ ಇಲ್ಲ.

ಬ್ಲ್ಯಾಕ್‌ಮನ್ನನ ನಿಯಮಕ್ಕೂ ಇದೇ ಜ್ಞಾನ ಒಂದು ತಿದ್ದುಪಡಿಯನ್ನು ಕೋರುತ್ತದೆ. ಬೆಳಕು ಕಡಮೆಯಿದ್ದಾಗ ಇಂಗಾಲಾಮ್ಲವನ್ನು ಹೆಚ್ಚಿಸಿ ಫಲವಿಲ್ಲವೆಂದು ಆ ನಿಯಮ ಹೇಳುತ್ತದೆ. ಆದರೆ ಇಂಗಾಲಾಮ್ಲ ಹೆಚ್ಚಿದಾಗ ದ್ಯುತಿಶ್ವಸನದ ಸೋರಿಕೆ ತಗ್ಗುವುದರಿಂದ, ಮೋಡ ಮುಸುಕಿದ ದಿನದಲ್ಲಿಯೂ ದೊರೆತ ಬೆಳಕಿನ ಸದುಪಯೋಗ ಹೆಚ್ಚುತ್ತದೆ. ಈ ಲಾಭ ಅಲ್ಪವಾದರೂ ಸೊನ್ನೆಯಲ್ಲ. ನಿಯಮದ ಸರಳತೆ ಎಷ್ಟು ಆಕರ್ಷಕವಾದರೂ ಎಲೆ ಅಷ್ಟು ಸರಳವಾಗಿಲ್ಲ.

ದ್ಯುತಿಶ್ವಸನದ ಈ ಮಾತು ಎಲ್ಲ ತರಕಾರಿಗಳಿಗೂ ಒಂದೇ ಸಮನಾಗಿ ಅನ್ವಯಿಸುವುದಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ನಮ್ಮ ಹಿತ್ತಿಲಿನ ಹರಿವೆ, ದಂಟಿನ ಸೊಪ್ಪುಗಳು ರಾಗಿ ಜೋಳಗಳಂತೆ ಮೊದಲು ನಾಲ್ಕು ಇಂಗಾಲದ ಆಮ್ಲವನ್ನು ರಚಿಸಿ, ರುಬಿಸ್ಕೊ ಇರುವೆಡೆಗೆ ಇಂಗಾಲಾಮ್ಲವನ್ನು ತಾವೇ ಒತ್ತರಿಸಿಕೊಡುವ ಜಾತಿಯವು. ಹ್ಯಾಚ್ ಮತ್ತು ಸ್ಲಾಕ್ ಎಂಬುವರು ೧೯೬೬ರಲ್ಲಿ ಈ ಮಾರ್ಗವನ್ನು ವಿವರಿಸಿದರು. ಇಂದಿನ ಗಾಳಿಯೇ ಇವುಗಳಿಗೆ ಬಹುಮಟ್ಟಿಗೆ ಸಾಕು. ಟೊಮೆಟೊ, ಸೌತೆ, ಮೆಣಸಿನಕಾಯಿ, ಬದನೆ ಮೂರು ಇಂಗಾಲದ ಮಾರ್ಗದವು. ಮುಂದಿನ ಮಾತೆಲ್ಲ ಇವುಗಳನ್ನು ಕುರಿತದ್ದು.

೪

ಕಿಂಬಾಲ್ ಅವರ ೧೯೮೩ರ ಸಮೀಕ್ಷೆ ಬೇರೊಂದು ಬಗೆಯ ಕೃತಿ. ಅವರು ಹೊಸದಾಗಿ ಒಂದು ಗಿಡವನ್ನೂ ಬೆಳೆಸಲಿಲ್ಲ. ಹಿಂದಿನ ೬೪ ವರ್ಷಗಳಲ್ಲಿ ಪ್ರಕಟವಾಗಿದ್ದ ೭೦ಕ್ಕೂ ಹೆಚ್ಚು ವರದಿಗಳಿಂದ ೩೭ ಸಸ್ಯಜಾತಿಗಳನ್ನು ಕುರಿತ ಸುಮಾರು ೪೩೦ ಅಳತೆಗಳನ್ನು ಒಟ್ಟುಗೂಡಿಸಿದರು. ಅವೆಲ್ಲವನ್ನೂ ಒಂದೇ ಮಾನಕ್ಕೆ ತಂದು ನೋಡಿದಾಗ, ಗಾಳಿಯ ಇಂಗಾಲಾಮ್ಲ ಇಮ್ಮಡಿಯಾದರೆ ಇಳುವರಿ ಸರಾಸರಿ ನೂರಕ್ಕೆ ೩೩ರಷ್ಟು ಹೆಚ್ಚಬಹುದೆಂದು ಕಂಡಿತು. ಚದರಿ ಹೋಗಿದ್ದ ಸಾಮಗ್ರಿಯನ್ನು ತಾಳ್ಮೆಯಿಂದ ಕೂಡಿಸಿದ ಈ ಶ್ರಮ ಗೌರವಕ್ಕೆ ಅರ್ಹವಾದುದು.

ಕೈಪಿಡಿಗಳಲ್ಲಿ ಸುತ್ತಾಡುವ ‘ನೂರಕ್ಕೆ ಮೂವತ್ತು’ ಎಂಬ ಸಂಖ್ಯೆಗೆ ಈ ಸಮೀಕ್ಷೆಯ ಬಲವಿದೆ. ಆದರೆ ಲೇಖಕರ ಉದ್ದೇಶವೇನಾಗಿತ್ತೆಂಬುದನ್ನು ಗಮನಿಸಬೇಕು. ಭೂಮಂಡಲದ ಗಾಳಿಯಲ್ಲಿಯೇ ಇಂಗಾಲಾಮ್ಲ ಏರುತ್ತಿರುವಾಗ ಮುಂದೆ ಹೊಲದ ಬೆಳೆಗಳ ಗತಿ ಏನಾದೀತು ಎಂಬುದು ಅವರ ಪ್ರಶ್ನೆಯಾಗಿತ್ತು. ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ೧೯೫೮ರಲ್ಲಿ ಕೀಲಿಂಗ್ ಅಳೆಯತೊಡಗಿದಾಗ ದಶಲಕ್ಷದಲ್ಲಿ ಸುಮಾರು ೩೧೫ ಭಾಗವಿದ್ದ ಈ ಅನಿಲ ಈಗ ೪೨೦ನ್ನು ದಾಟಿದೆ. ಹಸಿರುಮನೆಗಳಲ್ಲಿ ಬೆಳಸಿಗರು ಪಡೆದ ಅನುಭವವನ್ನು ಕಿಂಬಾಲ್ ಹೊಲದ ಭವಿಷ್ಯವನ್ನು ಊಹಿಸುವುದಕ್ಕಾಗಿ ಬಳಸಿಕೊಂಡರು. ಈಗ ಅದೇ ಸಂಖ್ಯೆಯನ್ನು ಹೊಸ ಹಸಿರುಮನೆಗೆ ಅನಿಲ ಮಾರುವುದಕ್ಕಾಗಿ ತಿರುಗಿಸಿಕೊಳ್ಳಲಾಗಿದೆ. ಒಂದು ಪ್ರಶ್ನೆಗೆ ಬಂದ ಉತ್ತರವನ್ನು ಮತ್ತೊಂದು ಪ್ರಶ್ನೆಯ ಕೆಳಗೆ ಬರೆದರೆ ಅಂಕಿ ಸರಿಯಿದ್ದರೂ ಲೆಕ್ಕ ತಪ್ಪಾಗುತ್ತದೆ.

ಅವರ ಮೂಲ ಪ್ರಶ್ನೆಗೂ ಈ ಸರಾಸರಿ ಪೂರ್ತಿಯಾಗಿ ಒದಗಲಿಲ್ಲ. ೨೦೦೬ರಲ್ಲಿ ಲಾಂಗ್ ಮತ್ತು ಅವರ ಸಂಗಡಿಗರು, ಗೋಡೆ ಮಾಡುಗಳಿಲ್ಲದ ತೆರೆದ ಹೊಲದಲ್ಲಿಯೇ ಅನಿಲವನ್ನು ಬಿಟ್ಟು ನಡೆಸಿದ ಪ್ರಯೋಗಗಳನ್ನು ಪರಿಶೀಲಿಸಿ, ಧಾನ್ಯದ ಬೆಳೆಗಳಲ್ಲಿ ಇಳುವರಿಯ ಏರಿಕೆ ಮುಚ್ಚಿದ ಆವರಣಗಳಲ್ಲಿ ಕಂಡುದರ ಅರ್ಧದಷ್ಟೇ ಎಂದು ತೋರಿಸಿದರು. ಸರಾಸರಿಯ ಒಳಗೆ ಅಡಗಿರುವ ಮತ್ತೊಂದು ತೊಡಕನ್ನು ಆರ್ಪ್ ಎಂಬುವರು ೧೯೯೧ರಲ್ಲಿ ಎತ್ತಿ ತೋರಿಸಿದ್ದರು. ಕುಂಡ ಚಿಕ್ಕದಾದರೆ ಬೇರಿಗೆ ಎಡೆಯಿಲ್ಲ. ಎಲೆ ತಯಾರಿಸಿದ ಸಕ್ಕರೆಗೆ ಹೋಗುವ ಕಡೆಯಿಲ್ಲ. ಪಿಷ್ಟ ಎಲೆಯಲ್ಲಿಯೇ ಕೂಡಿಕೊಂಡು ಕೆಲವು ವಾರಗಳಲ್ಲಿ ದ್ಯುತಿಸಂಶ್ಲೇಷಣೆಯ ಶಕ್ತಿಯೇ ಕುಂದುತ್ತದೆ. ಕಾಯಿ ಹಿಡಿದ ಟೊಮೆಟೊ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ; ಕಾಯಿಯಿಲ್ಲದ ಎಳೆಯ ಗಿಡಕ್ಕೆ, ಅಥವಾ ಹೂ ಉದುರಿಹೋದ ಮೆಣಸಿನ ಗಿಡಕ್ಕೆ, ಹಾಗೆ ಎಳೆಯುವ ಶಕ್ತಿಯಿಲ್ಲ. ಉಷ್ಣತೆ ಮೇರೆ ಮೀರಿದಾಗ ದಪ್ಪ ಮೆಣಸಿನಕಾಯಿಯ ಹೂ ಉದುರುತ್ತದೆಂಬುದು ಪಾಲಿಹೌಸಿನ ರೈತರೆಲ್ಲರ ಅನುಭವ. ಹೂ ಉದುರುವ ಮನೆಗೆ ಅನಿಲ ಕೊಡುವುದು ಕಣಜವಿಲ್ಲದವನಿಗೆ ಫಸಲು ತಂದು ಸುರಿದಂತೆ.

೫

ಮೂರನೆಯ ಪ್ರಬಂಧ ನಮ್ಮ ವಿಷಯಕ್ಕೆ ಅತ್ಯಂತ ಸಮೀಪದ್ದು. ನೇಡರ್‌ಹೋಫ್ ಅವರು ಒಂಟಿ ಎಲೆಯನ್ನು ಪೆಟ್ಟಿಗೆಯಲ್ಲಿಟ್ಟು ಅಳೆಯುವುದಕ್ಕೆ ತೃಪ್ತರಾಗದೆ, ಹಸಿರುಮನೆಯಲ್ಲಿ ನಿಂತ ಇಡೀ ಬೆಳೆಯ ದ್ಯುತಿಸಂಶ್ಲೇಷಣೆ, ಬಾಷ್ಪವಿಸರ್ಜನೆ, ಇಳುವರಿಗಳನ್ನು ಒಟ್ಟಿಗೆ ನೋಡಿದರು. ಒಂಟಿ ಎಲೆಗೂ ಬೆಳೆಗೂ ಇರುವ ಅಂತರ ಸಾಮಾನ್ಯವಾದುದಲ್ಲ. ಮೇಲಣ ಎಲೆಗೆ ಬೆಳಕು ಉಕ್ಕಿ ಹರಿಯುತ್ತಿರುವಾಗ ಕೆಳಗಣ ಎಲೆ ಅರೆಗತ್ತಲೆಯಲ್ಲಿರುತ್ತದೆ.

ಅವರಿಂದ ಬಳಕೆಗೆ ಬಂದ ಒಂದು ಸರಳ ಸೂತ್ರ ಬೆಳಸಿಗರಲ್ಲಿ ಪ್ರಸಿದ್ಧವಾಗಿದೆ. ಒಳಗಣ ಇಂಗಾಲಾಮ್ಲದ ಪ್ರಮಾಣದಿಂದ ೧೦೦೦ವನ್ನು ಭಾಗಿಸಿ, ಬಂದುದನ್ನು ವರ್ಗ ಮಾಡಿ, ೧.೫ರಿಂದ ಗುಣಿಸಿದರೆ, ಅಲ್ಲಿಂದ ಮುಂದೆ ೧೦೦ ಭಾಗ ಹೆಚ್ಚಿಸಿದುದಕ್ಕೆ ಬೆಳೆಯ ದ್ಯುತಿಸಂಶ್ಲೇಷಣೆ ನೂರಕ್ಕೆ ಎಷ್ಟು ಏರುವುದೆಂಬುದು ದೊರೆಯುತ್ತದೆ. ಲೆಕ್ಕ ಮಾಡಿ ನೋಡೋಣ. ಒಳಗೆ ೩೦೦ ಭಾಗವಿದ್ದಾಗ ಈ ಲಾಭ ನೂರಕ್ಕೆ ಸುಮಾರು ೧೭. ೪೦೦ ಇದ್ದಾಗ ೯. ೭೦೦ ಇದ್ದಾಗ ೩. ೧೦೦೦ ಇದ್ದಾಗ ಕೇವಲ ಒಂದೂವರೆ. ಎಂದರೆ, ಬಡತನದಲ್ಲಿ ಕೊಟ್ಟ ಒಂದು ಹಿಡಿ ಸಿರಿತನದಲ್ಲಿ ಕೊಟ್ಟ ಹತ್ತು ಹಿಡಿಗೆ ಸಮ. ಮಾರ್ಟೆನ್‌ಸನ್ ಎಂಬುವರು ೧೯೮೭ರ ತಮ್ಮ ಸಮೀಕ್ಷೆಯಲ್ಲಿ ೭೦೦ರಿಂದ ೯೦೦ ಭಾಗಗಳನ್ನೇ ಬಹುಪಾಲು ಬೆಳೆಗಳಿಗೆ ತಕ್ಕ ಮಟ್ಟವೆಂದು ಗುರುತಿಸಿದುದೂ ಇದಕ್ಕೆ ಹೊಂದುತ್ತದೆ.

ಈ ಸೂತ್ರದ ನಿಜವಾದ ಉಪದೇಶ ‘ಸಾವಿರಕ್ಕೆ ಏರಿಸು’ ಎಂಬುದಲ್ಲ. ‘ಹೊರಗಣ ಗಾಳಿಗಿಂತ ಕೆಳಕ್ಕೆ ಇಳಿಯಗೊಡಬೇಡ’ ಎಂಬುದು. ದುರ್ದೈವದಿಂದ ಕೈಪಿಡಿಗಳು ಇದರ ಮೇಲಣ ತುದಿಯನ್ನು ಹಿಡಿದುಕೊಂಡು ಕೆಳಗಣ ತುದಿಯನ್ನು ಬಿಟ್ಟುಬಿಟ್ಟಿವೆ. ನೇಡರ್‌ಹೋಫ್ ಅವರ ಕೃತಿಯಲ್ಲಿ ನಾವು ಕಾಣುವ ಕೊರತೆ ಅವರ ದೋಷವಲ್ಲ, ಅವರ ನೆಲದ ಗುಣ. ಹಾಲೆಂಡು ೫೨ನೆಯ ಅಕ್ಷಾಂಶದ ನಾಡು. ಅಲ್ಲಿ ಬೆಳಸಿಗನು ಚಳಿಗೆ ಮನೆಯನ್ನು ಕಾಯಿಸಲೇಬೇಕು. ಹಾಗೆ ಕಾಯಿಸಲು ಉರಿಸಿದ ಅನಿಲದ ಹೊಗೆಯಿಂದಲೇ ಇಂಗಾಲಾಮ್ಲ ದೊರೆಯುತ್ತದೆ. ಅಲ್ಲದೆ ಪೆರ್ನಿಸ್ಸಿನ ತೈಲ ಶುದ್ಧೀಕರಣ ಕಾರ್ಖಾನೆಯಿಂದ ಹೊರಬೀಳುವ ಇಂಗಾಲಾಮ್ಲವನ್ನು ೨೦೦೫ರಿಂದ ಕೊಳವೆಯ ಮೂಲಕ ಹಸಿರುಮನೆಗಳಿಗೆ ಸಾಗಿಸುವ ಏರ್ಪಾಡೂ ಅಲ್ಲಿದೆ. ಅಲ್ಲಿ ಉಪವಸ್ತುವಾಗಿ ಬರುವುದು ಇಲ್ಲಿ ಹಣ ಕೊಟ್ಟು ತರಬೇಕಾದ ಸರಕು. ೧೩ನೆಯ ಅಕ್ಷಾಂಶದ ಬೆಂಗಳೂರಿನಲ್ಲಿ ಮನೆಯನ್ನು ಕಾಯಿಸುವ ಮಾತೇ ಇಲ್ಲ. ಇರುವುದು ತಣ್ಣಗಿಡುವ ಮಾತು.

೬

ಈಗ ನಮ್ಮ ನೆಲದ ಲೆಕ್ಕಕ್ಕೆ ಬರೋಣ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿರುವ ನಮ್ಮ ಪ್ರಸ್ಥಭೂಮಿಯಲ್ಲಿ ಗಾಳಿಯ ಒತ್ತಡ ಸಮುದ್ರತೀರದಲ್ಲಿರುವುದರ ಒಂಬತ್ತು ಹತ್ತಾಂಶದಷ್ಟು. ದಶಲಕ್ಷದಲ್ಲಿ ೪೨೦ ಭಾಗವಿರುವ ಒಂದು ಘನಮೀಟರು ಗಾಳಿಯಲ್ಲಿ ಇಲ್ಲಿ ಸುಮಾರು ೦.೭ ಗ್ರಾಂ ಇಂಗಾಲಾಮ್ಲವಿರುತ್ತದೆ. ಮನೆಯ ಸರಾಸರಿ ಎತ್ತರ ನಾಲ್ಕು ಮೀಟರೆಂದು ಇಟ್ಟುಕೊಂಡರೆ, ಒಂದು ಚದರಮೀಟರು ನೆಲದ ಮೇಲೆ ನಿಂತಿರುವ ಗಾಳಿಯಲ್ಲಿರುವ ದಾಸ್ತಾನು ೨.೮ ಗ್ರಾಂ. ಚೆನ್ನಾಗಿ ಬೆಳೆದ ಟೊಮೆಟೊ ಅಥವಾ ಸೌತೆ ಬೆಳೆ ಒಳ್ಳೆಯ ಬಿಸಿಲಿನಲ್ಲಿ ಗಂಟೆಗೆ ಚದರಮೀಟರಿಗೆ ಮೂರು ಗ್ರಾಮಿನಷ್ಟನ್ನು ಹೀರಬಲ್ಲದು. ಮನೆಯನ್ನು ಪೂರ್ತಿ ಮುಚ್ಚಿದರೆ ಈ ದಾಸ್ತಾನು ಒಂದು ಗಂಟೆಗೂ ಬಾರದು. ವಾಸ್ತವವಾಗಿ ಪ್ರಮಾಣ ಇಳಿದಂತೆ ಹೀರುವ ವೇಗವೂ ಇಳಿಯುವುದರಿಂದ ಅದು ಸೊನ್ನೆಗೆ ಮುಟ್ಟುವುದಿಲ್ಲ. ಆದರೆ ಬೆಳೆ ಆ ಹೊತ್ತಿಗೆ ಅರೆಹೊಟ್ಟೆಯಲ್ಲಿರುತ್ತದೆ. ಬಿಸಿಲು ಬೇಕಾದಷ್ಟಿದೆ, ನೀರಿದೆ, ಗೊಬ್ಬರವಿದೆ, ಆದರೂ ಎಲೆ ದುಡಿಯುತ್ತಿಲ್ಲ. ಕಣ್ಣಿಗೆ ಕಾಣುವ ಲಕ್ಷಣವೊಂದೂ ಇಲ್ಲದ ಈ ಹಸಿವನ್ನು ರೈತನು ಗುರುತಿಸುವುದಾದರೂ ಹೇಗೆ?

ಒಳಗಣ ಪ್ರಮಾಣ ಹೊರಗಿನದಕ್ಕಿಂತ ೪೦ ಭಾಗಕ್ಕಿಂತ ಹೆಚ್ಚು ಕೆಳಗಿಳಿಯದಂತೆ ನೋಡಿಕೊಳ್ಳಬೇಕಾದರೆ ಗಂಟೆಗೆ ಚದರಮೀಟರಿಗೆ ಸುಮಾರು ೪೫ ಘನಮೀಟರು ಹೊಸ ಗಾಳಿ ಬರಬೇಕು; ಎಂದರೆ ಮನೆಯ ಗಾಳಿಯೆಲ್ಲ ಗಂಟೆಗೆ ಹನ್ನೊಂದು ಸಲ ಬದಲಾಗಬೇಕು. ಬಿಸಿಯನ್ನು ಹೊರಹಾಕಲು ಇದಕ್ಕಿಂತ ಹೆಚ್ಚಿನ ಗಾಳಿಯೇ ಬೇಕಾಗುತ್ತದೆ. ಹೀಗೆ ತೆರೆದಿರುವ ಮನೆಯಲ್ಲಿ ೧೦೦೦ ಭಾಗವನ್ನು ಕಾಪಾಡಬೇಕೆಂದರೆ ಆಗುವುದೇನು? ಹೊರಹೋಗುವ ಪ್ರತಿಯೊಂದು ಘನಮೀಟರಿನೊಡನೆ ಸುಮಾರು ಒಂದು ಗ್ರಾಂ ಅಧಿಕ ಇಂಗಾಲಾಮ್ಲ ಹೊರಟುಹೋಗುತ್ತದೆ. ಚದರಮೀಟರಿಗೆ ಗಂಟೆಗೆ ೪೩ ಗ್ರಾಮಿಗಿಂತ ಹೆಚ್ಚು ಗಾಳಿಪಾಲು. ಬೆಳೆಯ ಪಾಲಿಗೆ ಬರುವುದು ನಾಲ್ಕು ಗ್ರಾಂ. ಕೊಂಡು ತಂದುದರಲ್ಲಿ ಹನ್ನೆರಡಕ್ಕೆ ಒಂದು ಪಾಲು ಗಿಡಕ್ಕೆ, ಹನ್ನೊಂದು ಪಾಲು ಆಕಾಶಕ್ಕೆ. ಒಂದು ಎಕರೆ ಮನೆಗೆ ಇದು ಗಂಟೆಗೆ ಸುಮಾರು ೧೯೦ ಕಿಲೋಗ್ರಾಂ. ಮೂವತ್ತು ಕಿಲೋಗ್ರಾಮಿನ ಸಿಲಿಂಡರುಗಳಲ್ಲಿ ಹೇಳುವುದಾದರೆ ಗಂಟೆಗೆ ಆರಕ್ಕಿಂತ ಹೆಚ್ಚು. ಈ ಸರಳ ಗುಣಾಕಾರವನ್ನು ಮಾಡಿ ತೋರಿಸದೆ ಅನಿಲವನ್ನು ಶಿಫಾರಸು ಮಾಡುವುದು ಅನ್ಯಾಯವೆಂದೇ ಹೇಳಬೇಕಾಗುತ್ತದೆ.

ಅನಿಲಕ್ಕೆ ಸ್ಥಾನವೇ ಇಲ್ಲವೆಂದು ಇದರ ಅರ್ಥವಲ್ಲ. ರಾತ್ರಿ ಗಿಡಗಳೂ ಮಣ್ಣೂ ಉಸಿರಾಡಿ ಬಿಟ್ಟ ಇಂಗಾಲಾಮ್ಲ ಮುಚ್ಚಿದ ಮನೆಯಲ್ಲಿ ಕೂಡಿಕೊಂಡು ಬೆಳಗಿನ ಜಾವಕ್ಕೆ ಹೊರಗಿನದಕ್ಕಿಂತ ಹೆಚ್ಚಾಗಿರುತ್ತದೆ. ಸೂರ್ಯೋದಯವಾದ ಮೇಲೆ ಒಂದೆರಡು ಗಂಟೆಗಳಲ್ಲಿ ಅದು ಕರಗಿಹೋಗುತ್ತದೆ. ಚಳಿಗಾಲದ ಮುಂಜಾನೆ, ಪರದೆಗಳನ್ನು ಇನ್ನೂ ಇಳಿಬಿಟ್ಟಿರುವ ಆ ಹೊತ್ತಿನಲ್ಲಿ, ಸ್ವಲ್ಪ ಅನಿಲವನ್ನು ಕೊಟ್ಟರೆ ಅದು ಒಳಗೇ ನಿಲ್ಲುತ್ತದೆ. ಪಾತಿಗೆ ಧಾರಾಳವಾಗಿ ಹಾಕಿದ ಕೊಟ್ಟಿಗೆ ಗೊಬ್ಬರ ಕೊಳೆಯುತ್ತ ಹಗಲಿರುಳೂ ಬಿಡುವ ಇಂಗಾಲಾಮ್ಲವೂ ಬೆಳೆಯ ಬೇಡಿಕೆಯ ಒಂದು ಪಾಲನ್ನು ಪೂರೈಸುತ್ತದೆ. ತೆಂಗಿನ ನಾರಿನ ಪುಡಿ ತುಂಬಿದ ಚೀಲಗಳಲ್ಲಿ ಗಿಡ ಬೆಳೆಸುವ ಮನೆಗಳಿಗೆ ಈ ಅನುಕೂಲ ಅಷ್ಟಾಗಿ ಇಲ್ಲವೆಂಬುದನ್ನೂ ಗಮನಿಸಬೇಕು.

೭

ಇಂಗಾಲಾಮ್ಲದ ಚರ್ಚೆಯ ಗದ್ದಲದಲ್ಲಿ ಗಾಳಿಯ ಉಳಿದೆರಡು ಗುಣಗಳು, ಅದರ ತೇವ ಮತ್ತು ಅದರ ಚಲನೆ, ಹಿಂದಕ್ಕೆ ಸರಿದಿವೆ. ಗಾಸ್ಟ್ರಾ ಅವರ ಮೂರು ಪ್ರತಿರೋಧಗಳನ್ನು ನೆನೆದರೆ ಇವುಗಳ ಮಹತ್ತ್ವ ತಾನಾಗಿಯೇ ತಿಳಿಯುತ್ತದೆ.

ಉಷ್ಣತೆ ೨೫ ಡಿಗ್ರಿ, ಸಾಪೇಕ್ಷ ಆರ್ದ್ರತೆ ನೂರಕ್ಕೆ ೭೦ ಇದ್ದಾಗ ಗಾಳಿಯ ಬಾಷ್ಪ ಒತ್ತಡದ ಕೊರತೆ ಸುಮಾರು ೦.೯೫ ಕಿಲೋಪಾಸ್ಕಲ್. ಅದೇ ೩೫ ಡಿಗ್ರಿ, ನೂರಕ್ಕೆ ೩೦ ಆರ್ದ್ರತೆಯ ಬೇಸಗೆಯ ನಡುಹಗಲಿನಲ್ಲಿ ಅದು ೩.೯, ಗಾಳಿಯ ಬಾಯಾರಿಕೆ ನಾಲ್ಕು ಪಟ್ಟು. ಇಂಥ ಗಾಳಿಗೆ ಎದುರಾದ ಎಲೆ ನೀರನ್ನು ಉಳಿಸಿಕೊಳ್ಳಲು ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ನೀರು ಹೊರಹೋಗುವ ಬಾಗಿಲೂ ಇಂಗಾಲಾಮ್ಲ ಒಳಬರುವ ಬಾಗಿಲೂ ಒಂದೇ ಆದುದರಿಂದ ದ್ಯುತಿಸಂಶ್ಲೇಷಣೆ ಕುಂದುತ್ತದೆ. ಬಾಷ್ಪವಿಸರ್ಜನೆಯ ತಂಪು ತಪ್ಪಿ ಎಲೆ ಮತ್ತಷ್ಟು ಕಾಯುತ್ತದೆ. ಕಾದಂತೆ ದ್ಯುತಿಶ್ವಸನ ಹೆಚ್ಚುತ್ತದೆ. ಒಂದು ಕಷ್ಟ ಇನ್ನೊಂದನ್ನು ಕೈಹಿಡಿದು ಕರೆತರುತ್ತದೆ. ಈ ಹೊತ್ತಿನಲ್ಲಿ ನವುರಾದ ಮಂಜ ಹನಿ ಸಿಂಪಡಿಸುವ ಫಾಗರುಗಳು ಗಾಳಿಯ ಕೊರತೆಯನ್ನು ತಗ್ಗಿಸಿ ಬಾಗಿಲನ್ನು ತೆರೆಯಿಸಬಲ್ಲವು. ಅನಿಲ ಮಾಡಲಾರದುದನ್ನು ಇಲ್ಲಿ ನೀರು ಮಾಡುತ್ತದೆ. ಆದರೆ ಕೊಳವೆಬಾವಿಯ ಗಡಸು ನೀರಿನಿಂದ ಅವುಗಳ ಸಣ್ಣ ಬಾಯಿ ಕಟ್ಟಿಕೊಳ್ಳುವುದೂ ಉಂಟು. ಎಲೆಯ ಮೇಲೆ ತೇವ ನಿಂತರೆ ಶಿಲೀಂಧ್ರರೋಗಗಳಿಗೆ ಆಹ್ವಾನ ಕೊಟ್ಟಂತಾಗುವುದೂ ಉಂಟು. ಗಾಳಿ ನೀರಿನಿಂದ ತೀರ ತುಂಬಿಹೋದರೆ ಬಾಷ್ಪವಿಸರ್ಜನೆ ನಿಂತು ಸುಣ್ಣದ ಅಂಶ ಎಳೆಯ ಎಲೆಗಳಿಗೆ ಮುಟ್ಟದೆ ಅಂಚು ಸುಡುವ ರೋಗ ಕಾಣಿಸಿಕೊಳ್ಳುತ್ತದೆ. ಆದುದರಿಂದ ಬೇಕಾದುದು ಹೆಚ್ಚು ತೇವವೂ ಅಲ್ಲ, ಕಡಮೆ ತೇವವೂ ಅಲ್ಲ; ಹೊತ್ತಿಗೆ ತಕ್ಕ ತೇವ.

ಚಲನೆಯ ವಿಷಯ ಇನ್ನೂ ಸರಳವಾದುದು. ಪ್ರಯೋಗಶಾಲೆಯ ಎಲೆಪೆಟ್ಟಿಗೆಯಲ್ಲಿ ಗಾಳಿಯನ್ನು ಕಲಕುತ್ತಿರುವುದರಿಂದ ಎಲೆಗಂಟಿದ ತೆಳುಪದರದ ಪ್ರತಿರೋಧ ಅಲ್ಪವಾಗಿರುತ್ತದೆ. ಒತ್ತಾಗಿ ಬೆಳೆದ ಸಾಲುಗಳ ನಡುವೆ ಗಾಳಿ ಸತ್ತು ನಿಂತಿರುತ್ತದೆ. ಅಲ್ಲಿ ಆ ಪ್ರತಿರೋಧವೇ ದೊಡ್ಡದಾಗುತ್ತದೆ. ಎಲೆಗಳು ಮೆಲ್ಲಗೆ ಅಲುಗುವಷ್ಟು ಗಾಳಿ, ಸೆಕೆಂಡಿಗೆ ಅರ್ಧ ಮೀಟರಿನಷ್ಟು, ಈ ಪದರವನ್ನು ತೆಳ್ಳಗಾಗಿಸಲು ಬಹುಮಟ್ಟಿಗೆ ಸಾಕು. ನಮ್ಮ ಮನೆಗಳಲ್ಲಿ ಇದಕ್ಕೊಂದು ವಿಶೇಷವಾದ ಅಡ್ಡಿಯಿದೆ. ಬಿಳಿನೊಣವನ್ನು ತಡೆಯಲು ಕಿಂಡಿಗಳಿಗೆ ಕಟ್ಟುವ ೪೦ ಮೆಶ್ಶಿನ ಬಲೆ ಗಾಳಿಯನ್ನೂ ತಡೆಯುತ್ತದೆ. ಧೂಳು ಕೂತರಂತೂ ಮತ್ತಷ್ಟು. ಬಲೆಯನ್ನು ತೆಗೆದುಬಿಡೆಂದು ಹೇಳುವಂತಿಲ್ಲ, ಏಕೆಂದರೆ ಬಿಳಿನೊಣದೊಡನೆ ಟೊಮೆಟೊ ಎಲೆಮುದುಡು ನಂಜೂ ಒಳಬರುತ್ತದೆ. ಬಲೆಗೆ ತಕ್ಕಂತೆ ಕಿಂಡಿಯ ವಿಸ್ತಾರವನ್ನು ಹೆಚ್ಚಿಸುವುದು, ಬಲೆಯನ್ನು ಆಗಾಗ ತೊಳೆಯುವುದು, ಇವೇ ಉಳಿದ ದಾರಿ. ಬಲೆ ತೊಳೆಯುವುದು ದ್ಯುತಿಸಂಶ್ಲೇಷಣೆಗೆ ಸಂಬಂಧಿಸಿದ ಕೆಲಸವೆಂದು ಯಾವ ಕೈಪಿಡಿಯಾದರೂ ಬರೆದರೆ ಅದು ಅನಿಲದ ಅಧ್ಯಾಯಕ್ಕಿಂತ ಹೆಚ್ಚು ಉಪಕಾರ ಮಾಡೀತು.

೮

ಮೇಲಣ ವಿಮರ್ಶೆಯಿಂದ ಹೊರಡುವ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಗಾಸ್ಟ್ರಾ ಅವರ ಅಳತೆಗಳು ಇಂದಿಗೂ ನಿಲ್ಲುತ್ತವೆ. ಅವರ ವಿವರಣೆ ನಿಲ್ಲುವುದಿಲ್ಲ, ನಮ್ಮ ಬೇಸಗೆಗೆ ಅದನ್ನು ವಿಸ್ತರಿಸುವುದು ಅಪಾಯಕರ. ಕಿಂಬಾಲ್ ಅವರ ಸರಾಸರಿ ತನ್ನ ಪ್ರಶ್ನೆಗೆ ತಕ್ಕ ಉತ್ತರ, ನಮ್ಮ ಪ್ರಶ್ನೆಗಲ್ಲ. ನೇಡರ್‌ಹೋಫ್ ಅವರ ಸೂತ್ರ ನಮಗೆ ಅತ್ಯಂತ ಉಪಯುಕ್ತವಾದುದು. ಆದರೆ ಅದನ್ನು ಕೆಳಗಣ ತುದಿಯಿಂದ ಓದಬೇಕು. ಮೂರನ್ನೂ ಒಟ್ಟಿಗಿಟ್ಟು ನೋಡಿದರೆ, ನಮ್ಮ ನಾಡಿನ ಹಸಿರುಮನೆಗೆ ಮೊದಲು ಬೇಕಾದುದು ಗಾಳಿ, ಎರಡನೆಯದು ತೇವ, ಅನಿಲಕ್ಕೆ ಮೂರನೆಯ ಸ್ಥಾನ ಎಂದು ತೋರುತ್ತದೆ. ಕೈಪಿಡಿಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ.

‘ತೋರುತ್ತದೆ’ ಎಂದು ಬರೆದುದು ವಿನಯಕ್ಕಾಗಿ ಅಲ್ಲ. ಮೇಲೆ ಮಾಡಿದುದು ಲೆಕ್ಕ; ಲೆಕ್ಕ ಅಳತೆಯ ಸ್ಥಾನವನ್ನು ತುಂಬಲಾರದು. ಮನೆಯ ಎತ್ತರ, ಕಿಂಡಿಯ ವಿಸ್ತಾರ, ಬಲೆಯ ದಟ್ಟಣೆ, ಬೆಳೆಯ ವಯಸ್ಸು ಇವುಗಳಿಗೆ ಅನುಸಾರವಾಗಿ ಗಾಳಿಯ ವಿನಿಮಯ ಬಹಳವಾಗಿ ಬದಲಾಗುತ್ತದೆ. ಆದಕಾರಣ ಯಾವ ವಿಭಾಗವೇ ಆಗಲಿ, ರೈತನಿಗೆ ಅನಿಲವನ್ನು ಶಿಫಾರಸು ಮಾಡುವುದಕ್ಕೆ ಮುಂಚೆ, ಬೆಳೆಯ ನೆತ್ತಿಯ ಮಟ್ಟದಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಇಂಗಾಲಾಮ್ಲದ ಪ್ರಮಾಣ, ಎಲೆಯ ಉಷ್ಣತೆ, ಗಂಟೆಗೆ ಆಗುವ ಗಾಳಿಯ ವಿನಿಮಯ ಈ ಮೂರನ್ನು ಬೇಸಗೆ, ಮಳೆ, ಚಳಿಗಾಲಗಳಲ್ಲಿ ಬೇರೆ ಬೇರೆಯಾಗಿ ಅಳೆದು ಪ್ರಕಟಿಸುವುದು ಅದರ ಕರ್ತವ್ಯ. ಇದಕ್ಕೆ ಬೇಕಾದ ಉಪಕರಣಗಳು ಇಂದು ದುರ್ಲಭವಲ್ಲ. ಆ ಮೂರು ಕೋಷ್ಟಕಗಳು ಎದುರಿಗಿಲ್ಲದೆ ಬರೆದ ಶಿಫಾರಸನ್ನು ಹಿಂದಿರುಗಿಸುವ ಹಕ್ಕು ಸಾಲ ಮಾಡಿ ಮನೆ ಕಟ್ಟಿದ ರೈತನಿಗೆ ಇದೆಯೆಂದು ನಾವು ಭಾವಿಸುತ್ತೇವೆ.